ಹೂಂಗುಟ್ಟುವವನು

"ಗುರುಗಳೇ, ಮನುಷ್ಯ ಯಾಕೆ ಇಷ್ಟು ಒಂಟಿ?" ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲೊಂದು ದಪ್ಪ ಕಾದಂಬರಿ ಇತ್ತು. ಬರುವಾಗ ದಾರಿಯಲ್ಲಿ ಅಂಚೆಯವನು ಕೊಟ್ಟ ಕಾಗದವನ್ನೂ ತಂದಿದ್ದ. ಗುರುಗಳು ಕಾಗದ ಓದಿ, ಇನ್ನೊಮ್ಮೆ ಓದಿ, ಮಡಿಸಿ ಮಣೆಯ ಕೆಳಗಿಟ್ಟರು. "ಹೂಂ, ಹೇಳಪ್ಪ" ಎಂದರು.

ಶಿಷ್ಯ ಹೇಳಿದ್ದೇ ಹೇಳಿದ. ಕಾದಂಬರಿಯ ನಾಯಕ ಬದುಕಿನ ಅರ್ಥ ಹುಡುಕುತ್ತ ಅಲೆಯುತ್ತಾನೆ. ಜಗತ್ತಿನಲ್ಲಿ ಅವನಿಗೆ ಯಾರೂ ಇಲ್ಲ. "ಥೇಟ್ ನನ್ನ ಹಾಗೆಯೇ" ಎಂದ.

"ಅವನ ಮಾತನ್ನೆಲ್ಲ ಯಾರು ಕೇಳಿಸಿಕೊಳ್ಳುತ್ತಾರೆ?"

"ಪಕ್ಕದ ಮನೆಯವನೊಬ್ಬ ಬಂದು ಕೂರುತ್ತಾನೆ. ಅವನದೇನು ಬಿಡಿ, ಎರಡು ಪುಟದ ಪಾತ್ರ."

ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ. ಉಂಡುಡಲು ಬೇಕಾದಷ್ಟಿತ್ತು, ಆದರೆ ತನಗೆ ಯಾರೂ ಇಲ್ಲ ಎಂಬ ಕೊರಗು. ಸಂಜೆಯಾದರೆ ಜಗಲಿಯಲ್ಲಿ ಕೂತು ಅದನ್ನೇ ಹೇಳುವನು. ಹೇಳುವವನ ಎದುರಿಗೆ ಹೂಂಗುಟ್ಟಲು ಒಬ್ಬ ಬೇಕಲ್ಲ! ಪಕ್ಕದ ಮನೆಯ ಚಾಪೆ ಹೆಣೆಯುವವ ತನ್ನ ಹೆಣಿಗೆ ಹಿಡಿದು ಬಂದು ಕೂರುತ್ತಿದ್ದ. ಅವನೂ ಒಬ್ಬಂಟಿಯೇ. ಕೈ ಹೆಣೆಯುತ್ತಿತ್ತು, ಬಾಯಿ ಹೂಂ ಎನ್ನುತ್ತಿತ್ತು. ಹೀಗೇ ಹನ್ನೆರಡು ವರ್ಷ ನಡೆಯಿತು.

ಒಂದು ದಿನ ವೈದ್ಯರು ಚಾಪೆಯವನಿಗೆ, ನಿನ್ನ ಎರಡೂ ಕಣ್ಣು ಹೋಗುತ್ತವೆ ಎಂದರು. ಅಷ್ಟು ಹೊತ್ತಿಗಾಗಲೇ ಅವನ ಚಾಪೆಯ ಗೆರೆಗಳು ಸೊಟ್ಟಗಾಗುತ್ತಿದ್ದವು. ವ್ಯಾಪಾರಿ ಗಮನಿಸಿರಲಿಲ್ಲ. ಸಂಜೆ ಜಗಲಿಗೆ ಬಂದ ಚಾಪೆಯವನು, "ಸ್ವಾಮಿ, ಇವತ್ತು ನಂದೊಂದು ಮಾತಿತ್ತು" ಎಂದ.

"ತಡಿಯೋ ಮಾರಾಯ, ಮೊದಲು ನಂದು ಮುಗೀಲಿ. ನೀನು ಹೂಂ ಅನ್ನು."

ಅವನು ಹೂಂ ಎಂದ. ವ್ಯಾಪಾರಿ ಹೇಳುವಷ್ಟು ಹೇಳಿ, ಹಗುರಾಗಿ, ಎದ್ದು ಒಳಗೆ ಹೋದ.

ಚಾಪೆಯವ ಮನೆಗೆ ಬಂದು ಗೋಡೆಗೆ ಮುಖಮಾಡಿ ಕೂತ. ಅಯ್ಯೋ, ಇದನ್ನು ಯಾರಿಗೆ ಹೇಳಲಿ ಎನಿಸಿತು. ಹೇಳದೆ ಇರಲೂ ಆಗಲಿಲ್ಲ. "ನನ್ನ ಕಣ್ಣು ಹೋಗುತ್ತದಂತೆ" ಎಂದ. "ಹೂಂ" ಎಂದು ತಾನೇ ಹೇಳಿಕೊಂಡ. "ಭಯವಾಗುತ್ತದೆ" ಎಂದ. "ಹೂಂ" ಎಂದ.

ಇಷ್ಟು ಕೇಳುವಾಗ ಶಿಷ್ಯನಿಗೆ ಸಿಟ್ಟು ಬಂತು. "ಎಂಥ ಮನುಷ್ಯ ಗುರುಗಳೇ ಆ ವ್ಯಾಪಾರಿ! ಏನಯ್ಯ ನಿನ್ನ ಮಾತು ಎಂದು ಒಂದು ಸಲ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರುಗಳು ಮಣೆಯ ಕೆಳಗಿನ ಕಾಗದ ತೆಗೆದು ಅವನ ಕೈಗಿತ್ತರು.

"ಬರುವಾಗ ನೀನೇ ತಂದದ್ದು. ನನ್ನ ತಂಗಿ ತೀರಿಕೊಂಡಳಪ್ಪ."

ಶಿಷ್ಯ ಕಾದಂಬರಿಯನ್ನು ಬದಿಗಿಟ್ಟು, "ಹೂಂ, ಹೇಳಿ ಗುರುಗಳೇ" ಎಂದ.