ಮೊದಲ ಬಾಗಿಲಿನ ಪಾಪಿ

ಹಳೆ ಸಾಮಾನಿನ ಅಂಗಡಿಯಲ್ಲಿ ನರಕದ ಕಥೆ ಹೇಳುವ ಹಳೆಯ ಕಾವ್ಯವೂ ಅದರಿಂದ ಮಾಡಿದ ವಿಡಿಯೊ ಗೇಮಿನ ಸಿ.ಡಿ.ಯೂ ಒಂದೇ ಕಪಾಟಿನಲ್ಲಿದ್ದವು.

“ಹಿಂದೆ ನನ್ನನ್ನು ರಾಗವಾಗಿ ಓದುತ್ತಿದ್ದರು” ಎಂದಿತು ಕಾವ್ಯ. “ಪಾಪಿಯ ಕಥೆ ಬಂದಾಗ ಕೇಳುವವರು ಕಣ್ಣೊರೆಸಿಕೊಂಡು ‘ಇನ್ನೊಮ್ಮೆ ಓದಿ’ ಎನ್ನುತ್ತಿದ್ದರು. ಎಂಥ ಸಂಜೆಗಳವು!”

“ನನ್ನಲ್ಲೂ ‘ಇನ್ನೊಮ್ಮೆ’ ಎನ್ನುತ್ತಾರೆ, ಅಜ್ಜ.”

“ಅಳುವುದಕ್ಕೋ?”

“ಕೊಲ್ಲುವುದಕ್ಕೆ. ಮೊದಲ ಬಾಗಿಲಲ್ಲೇ ಒಬ್ಬ ಪಾಪಿಯನ್ನು ಸಾವಿರ ಸಲ ಕಡಿದಿದ್ದೇನೆ. ಅಂದಹಾಗೆ, ಅವನು ಯಾರು?”

ಕಾವ್ಯ ಅವನ ಕಥೆಯನ್ನು ಹಾಡಿತು. ಸಿ.ಡಿ. ಮೆಲ್ಲಗೆ “ಇನ್ನೊಮ್ಮೆ” ಎಂದಿತು.

ಮರುದಿನ ಅಂಗಡಿಯ ಮಾಲೀಕ ಇದಿನಬ್ಬ ಗಿರಾಕಿಗೆ ತೋರಿಸಲೆಂದು ಸಿ.ಡಿ. ಹಾಕಿದ. ಮೊದಲ ಬಾಗಿಲಲ್ಲಿ ಆ ಪಾಪಿಯ ಮೇಲೆ ಕತ್ತಿ ಎತ್ತಿದ ಆಟದ ವೀರ ಹಾಗೇ ನಿಂತುಬಿಟ್ಟ.

“ಗೀರು ಬಿದ್ದಿರಬೇಕು” ಎಂದು ಇದಿನಬ್ಬ ಸಿ.ಡಿ.ಯನ್ನು ಒರೆಸಿ ಒರೆಸಿ ನೋಡಿದ. ಗೀರು ಎಲ್ಲೂ ಇರಲಿಲ್ಲ.