ಬಣ್ಣದ ಕಾಗದ ಸುತ್ತಿದ ಪುಸ್ತಕ

ವನಮಾಲಾ ಎಂಬಾಕೆ ಒಂದು ಪುಸ್ತಕ ಬರೆದಳು. ಹೆಸರು ‘ಹಾಲಮ್ಮಕ್ಕನ ಕಥೆಗಳು’. ಹಾಲಮ್ಮ ಅವಳ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿದವಳು, ತಲೆ ಬಾಚುತ್ತಾ ತಾನೇ ಕಟ್ಟಿದ ಕಥೆ ಹೇಳುತ್ತಿದ್ದವಳು. ಈಗ ಅಕ್ಕ ಇಲ್ಲ. ಆ ಕಥೆಗಳು ವನಮಾಲಾಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಯಾರೂ ಓದದಿದ್ದರೆ ಅಕ್ಕ ಇನ್ನೊಂದು ಸಲ ಸತ್ತ ಹಾಗೆ ಎಂದು ಅವಳಿಗೆ ಸಂಕಟ.

ಬಿಡುಗಡೆ ಸಮಾರಂಭವೇನೋ ಆಯಿತು. ಶಾಲು ಹೊದಿಸಿದರು, ಫೋಟೊ ತೆಗೆದರು. ಭಾಷಣಕ್ಕೆ ಬಂದವರು ತಮ್ಮ ಬಗ್ಗೆಯೇ ಮಾತಾಡಿ, ಉಪ್ಪಿಟ್ಟು ತಿಂದು ಹೋದರು. ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ಸೇರಿದವು. ವನಮಾಲಾ ವಾಟ್ಸಾಪಿನಲ್ಲಿ ಮುಖಪುಟ ಹಾಕಿದಳು. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಕೈ ಮುಗಿದರೆ ಓದಿದ ಹಾಗಾಯಿತೇ? ನೀವೇ ಹೇಳಿ!

ಪಕ್ಕದ ಮನೆಯ ಪಂಕಜಾಕ್ಷಿ ಉಪಾಯ ಹೇಳಿದಳು. “ಅರಿಶಿನ ಕುಂಕುಮಕ್ಕೆ ಬಂದೋರಿಗೆಲ್ಲ ಒಂದೊಂದು ಕೊಟ್ಟುಬಿಡಿ. ಮನೆಮನೆಗೆ ಹೋಗುತ್ತೆ, ತಾನಾಗೇ ಪ್ರಚಾರ ಆಗುತ್ತೆ.”

ವನಮಾಲಾ ಹಾಗೇ ಮಾಡಿದಳು. ಒಳಗೆ ಒಬ್ಬೊಬ್ಬರ ಹೆಸರು ಬರೆದು ಸಹಿ ಹಾಕಿ, ಮಿರಿಮಿರಿ ಕಾಗದ ಸುತ್ತಿ, ವರಮಹಾಲಕ್ಷ್ಮಿ ಹಬ್ಬದ ತಾಂಬೂಲದಲ್ಲಿ ರವಿಕೆ ಕಣದ ಜೊತೆ ಇಟ್ಟಳು. “ಅಯ್ಯೋ, ನೀವೇ ಬರೆದಿದ್ದಾ? ಭಾರೀ ಚೆನ್ನಾಗಿದೆ ಕಣ್ರೀ!” ಎಂದರು ಎಲ್ಲರೂ, ಬಿಚ್ಚುವ ಮೊದಲೇ.

ತಾಂಬೂಲದ ರವಿಕೆ ಕಣದ ಪಾಡು ನಿಮಗೆ ಗೊತ್ತಲ್ಲ? ಅದನ್ನು ಯಾರೂ ಹೊಲಿಸುವುದಿಲ್ಲ. ಬೀರುವಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಗಬೇಡಿ, ನಿಮ್ಮ ಮನೆಯಲ್ಲೂ ನಡೆಯುವುದು ಅದೇ.

ನವರಾತ್ರಿ ಬಂತು. ಹಿಂದಿನ ಬೀದಿಯ ಒಂದು ಮನೆಯಲ್ಲಿ ವನಮಾಲಾಗೂ ತಾಂಬೂಲ ಕೊಟ್ಟರು. ಮನೆಗೆ ಬಂದು ನೋಡಿದರೆ ಅದೇ ಮಿರಿಮಿರಿ ಕಾಗದ. ಅಂಟಿಸಿದ್ದು ಅಂಟಿಸಿದ ಹಾಗೇ ಇದೆ. ಬಿಚ್ಚಿದರೆ ಅವಳದೇ ಪುಸ್ತಕ. ಒಳಗೆ ಅವಳದೇ ಅಕ್ಷರ: ‘ಪ್ರೀತಿಯ ಪಂಕಜಾಕ್ಷಿಗೆ’.

ವನಮಾಲಾ ಗೊಳೋ ಎಂದು ಅತ್ತಳು. “ನಮ್ಮಕ್ಕನ್ನ ಯಾರೂ ಬಿಚ್ಚಿ ಕೂಡ ನೋಡ್ಲಿಲ್ಲ ರೀ!”

ಗಂಡ ತಿಪ್ಪೇಶಪ್ಪ ಪಕ್ಕದಲ್ಲಿ ಕೂತ. “ಅಳಬೇಡ ಸುಮ್ನಿರೇ. ನಿಮ್ಮಕ್ಕ ನಿಂಗೆ ಕಥೇನ ಕಾಗದದಲ್ಲಿ ಸುತ್ತಿ ಕೊಡ್ತಿದ್ಲಾ?”

“ಎಲ್ಲಿಯ ಮಾತು! ತಲೆ ಬಾಚ್ತಾ ಹೇಳೋಳು. ಜಡೆ ಮುಗೀತಿದ್ದ ಹಾಗೇ ಕಥೆ ನಿಲ್ಲಿಸಿಬಿಡೋಳು. ಉಳಿದದ್ದು ನಾಳೆ ಅನ್ನೋಳು. ಬೆಳಿಗ್ಗೆ ಎದ್ದ ತಕ್ಷಣ ಬಾಚಣಿಗೆ ಹಿಡ್ಕೊಂಡು ನಾನೇ ಅವಳ ಹತ್ರ ಓಡ್ತಿದ್ದೆ...” ಎಂದವಳು ಅಲ್ಲಿಗೇ ಮಾತು ನಿಲ್ಲಿಸಿ, ಕಣ್ಣು ಒರೆಸಿಕೊಂಡಳು.

ಸ್ವಲ್ಪ ದಿನಕ್ಕೆ ಪಂಕಜಾಕ್ಷಿಯ ಸೊಸೆ ಚಿನ್ಮಯಿಗೆ ಸೀಮಂತ. ಮೊಗ್ಗಿನ ಜಡೆ ಹೆಣೆಯಲು ವನಮಾಲಾಳನ್ನು ಕರೆದರು. ಅವಳು ಈ ಸಲ ಪುಸ್ತಕ ಒಯ್ಯಲಿಲ್ಲ. ಹುಡುಗಿಯ ಹಿಂದೆ ಕೂತು, ಮೊಗ್ಗು ಪೋಣಿಸುತ್ತಾ ಅಕ್ಕನ ಕಥೆ ಶುರು ಮಾಡಿದಳು. ಒಂದು ಹುಡುಗಿ ಮಾಳಿಗೆ ಮೇಲೆ ಹಪ್ಪಳ ಕಾಯುತ್ತಿದ್ದಳಂತೆ. ಒಂದು ಕುಂಟ ಕಾಗೆ ಬಂದು, ದಿನಕ್ಕೊಂದು ಹಪ್ಪಳ ಕೊಡು, ಬೇರೆ ಕಾಗೆಗಳನ್ನು ನಾನು ಓಡಿಸುತ್ತೇನೆ ಎಂದಿತಂತೆ. ಇಬ್ಬರಿಗೂ ಗೆಳೆತನವಾಯಿತು. ಒಂದು ದಿನ ಕಾಗೆ ಬರಲಿಲ್ಲ. ಹುಡುಗಿ ಹುಡುಕಿಕೊಂಡು ಹೊರಟಳು. ಹುಣಸೆ ಮರ ಹತ್ತಿ ಗೂಡಿನೊಳಗೆ ಇಣುಕಿದಳು...

ಜಡೆ ಮುಗಿಯಿತು. ವನಮಾಲಾ ಕಥೆ ನಿಲ್ಲಿಸಿದಳು.

“ಗೂಡಲ್ಲಿ ಏನಿತ್ತು ಆಂಟಿ? ನಿಮ್ಮ ದಮ್ಮಯ್ಯ, ಹೇಳಿ! ಬಸುರಿ ಬಯಕೆ ಅಂದ್ಕೊಂಡಾದ್ರೂ ಹೇಳಿ!”

“ಪುಸ್ತಕದಲ್ಲಿದೆ ಮಗಳೇ. ನಿಮ್ಮತ್ತೆ ಹತ್ರ ಇದೆ.”

ಪಂಕಜಾಕ್ಷಿಯ ಮುಖ ಸಪ್ಪಗಾಯಿತು. ಸಂಜೆ ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತಳು. “ಸೊಸೆ ಹಟ ಹಿಡಿದಿದ್ದಾಳೆ ಕಣ್ರೀ. ನನ್ನ ಪುಸ್ತಕ ಎಲ್ಲಿಟ್ಟೆನೋ... ಇನ್ನೊಂದಿದ್ರೆ ಕೊಡ್ತೀರಾ?”

ವನಮಾಲಾ ತಿರುಗಿ ಬಂದಿದ್ದ ಆ ಪುಸ್ತಕವನ್ನೇ ಕೊಟ್ಟಳು, ಕಾಗದವಿಲ್ಲದೆ. ಒಳಗೆ ತನ್ನ ಹೆಸರು ಕಂಡು ಪಂಕಜಾಕ್ಷಿಯ ಕಣ್ಣು ತುಂಬಿತು. “ತಪ್ಪಾಯ್ತು ವನಮಾಲಾ. ರವಿಕೆ ಕಣದ ಜೊತೆ ಇದನ್ನೂ ಕೊಟ್ಟುಬಿಟ್ಟೆ.”

“ಹೋಗ್ಲಿ ಬಿಡಿ. ನಮ್ಮಕ್ಕ ಊರು ಸುತ್ತಿ ನಿಮ್ಮನೆಗೇ ಬಂದ್ಲಲ್ಲ!” ಎಂದು ವನಮಾಲಾ ಅವಳ ಕೈ ಹಿಡಿದು ಒಳಗೆ ಕರೆದು ಕಾಫಿ ಕೊಟ್ಟಳು.

ಚಿನ್ಮಯಿಯ ಮಗು ಅಂಬೆಗಾಲಿಡುವ ಹೊತ್ತಿಗೆ, ಗುರುತಿಲ್ಲದ ಒಬ್ಬ ಹೆಂಗಸು ವನಮಾಲಾಳ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಪಂಕಜಾಕ್ಷಿಯ ಹೆಸರು ಬರೆದಿದ್ದ ಅದೇ ಪುಸ್ತಕ. ಮೂಲೆ ಮಡಚಿದೆ, ಎಣ್ಣೆ ಕಲೆ, ಅರಿಶಿನದ ಬೆರಳಚ್ಚು. “ಇದನ್ನ ಬರೆದೋರು ನೀವೇನಾ? ಎಲ್ಲರೂ ಓದಿ ಓದಿ, ನನ್ನ ಕೈಗೆ ಬರೋ ಹೊತ್ತಿಗೆ ಕೊನೇ ಹಾಳೆ ಕಿತ್ತೋಗಿದೆ ಕಣಮ್ಮಾ. ಮುಂದೇನಾಯ್ತು?”

ವನಮಾಲಾ ಮಂಚದ ಕೆಳಗಿನಿಂದ ಹೊಸ ಪುಸ್ತಕ ತಂದು ಅವಳಿಗೆ ಕೊಟ್ಟಳು. ಕೊಳೆಯಾದ ಆ ಹಳೆಯದನ್ನು ತಾನೇ ಇಟ್ಟುಕೊಂಡು, ಎದೆಗೆ ಒತ್ತಿ “ಅಕ್ಕಾ” ಎಂದಳು.

ನೀತಿ: ಪುಸ್ತಕವನ್ನು ಊರಿಗೆಲ್ಲ ಹಂಚಿದ ಮಾತ್ರಕ್ಕೆ ಪ್ರಚಾರವಾಗುವುದಿಲ್ಲ. ಮೊದಲು ಒಬ್ಬರಿಗೆ ಕಥೆಯ ರುಚಿ ಹತ್ತಿಸಿ. ‘ಮುಂದೇನಾಯ್ತು’ ಎಂದು ಕೇಳಿದವರೇ ಅದನ್ನು ಮನೆಯಿಂದ ಮನೆಗೆ ಹೊತ್ತು ನಡೆಯುತ್ತಾರೆ. ಮತ್ತೆ ನೋಡಿ, ಈ ಕಥೆಯನ್ನೂ ಓದದೇ ಇನ್ನೊಬ್ಬರಿಗೆ ದಾಟಿಸೀರಿ!