ನಿಂತ ಗೀಟು, ಮಲಗಿದ ಗೀಟು

ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಒಂದು ಹೆಂಚಿನ ಮನೆ. ಮನೆ ತುಂಬ ಹಳೇ ಜಪಾನಿ ವಿಡಿಯೋ ಗೇಮುಗಳ ಕ್ಯಾಸೆಟ್ಟು. ಊರಿನವರು ಆ ಮನೆಯನ್ನು ಆಶ್ರಮ ಅನ್ನುತ್ತಿದ್ದರು. ಗೌರವಕ್ಕಲ್ಲ, ತಮಾಷೆಗೆ.

ಆಶ್ರಮದ ಗುರು ತಿಪ್ಪೇಸ್ವಾಮಿ ಮೇಷ್ಟ್ರು. ಪ್ರಾಯದಲ್ಲಿ ಜಪಾನಿನ ಕೋಬೆ ಬಂದರಿನಲ್ಲಿ ದುಭಾಷಿಯಾಗಿದ್ದವರು. ಅಲ್ಲಿನ ಮಕ್ಕಳು ಆಡಿ ಬೇಸತ್ತು ಬಿಸಾಕಿದ ಕ್ಯಾಸೆಟ್ಟುಗಳನ್ನು ಟ್ರಂಕುಗಳಲ್ಲಿ ತುಂಬಿಕೊಂಡು ಊರಿಗೆ ಬಂದರು. ಪರದೇಶಕ್ಕೆ ಹೋದವರು ಮುತ್ತು ತರುತ್ತಾರೆ, ರೇಷ್ಮೆ ತರುತ್ತಾರೆ. ಇವರು ಪ್ಲಾಸ್ಟಿಕ್ಕು ತಂದರು. ಇರಲಿ, ಅವರವರ ಇಷ್ಟ.

ಶಿಷ್ಯೆ ವಾರಿಜ. ದಾವಣಗೆರೆಯ ಹುಡುಗಿ, ಬುದ್ಧಿ ಚುರುಕು, ತಾಳ್ಮೆ ಕಮ್ಮಿ. ಮೇಷ್ಟ್ರ ಹತ್ತಿರ ಜಪಾನಿ ಲಿಪಿ ಕಲಿತಳು. ಕ್ಯಾಸೆಟ್ಟು ಬಿಚ್ಚುವುದು, ಒರೆಸುವುದು, ಅಸಲಿ ಯಾವುದು ನಕಲಿ ಯಾವುದು ಅಂತ ಹೇಳುವುದು ಕಲಿತಳು.

ಅವಳಿಗೊಂದು ಆಸೆ ಇತ್ತು. ಈ ಕ್ಯಾಸೆಟ್ಟುಗಳನ್ನು ಕೂಡಿಡುವ ಹುಚ್ಚಿನವರು ನಮ್ಮ ನಾಡಿನಲ್ಲೂ ಇದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಆಕರಗ್ರಂಥ ಮಾಡಬೇಕು. ಹೆಚ್ಚು ದಿನ ಬಾಳದೆ ಹೋದ ಒಂದು ಜಪಾನಿ ಆಟದ ಯಂತ್ರವನ್ನು ಆರಿಸಿಕೊಂಡಳು. ಅದಕ್ಕೆ ಬಂದ ಆಟಗಳೆಲ್ಲ ಪುಸ್ತಕದಲ್ಲಿರಬೇಕು. ಹೆಸರು, ಚಿತ್ರ, ವರ್ಷ, ತಯಾರಿಸಿದವರು ಯಾರು, ಸಿಗುವುದು ಸುಲಭವೋ ಕಷ್ಟವೋ, ಎಲ್ಲ.

ಮೇಷ್ಟ್ರು ಬೇಡ ಅನ್ನಲಿಲ್ಲ. ಒಂದೇ ನಿಯಮ ಹಾಕಿದರು.

"ಕೈಯಲ್ಲಿ ಹಿಡಿದು, ಯಂತ್ರಕ್ಕೆ ಹಾಕಿ, ಆಡಿದ ಮೇಲೆ ಬರಿ. ಅದಕ್ಕೆ ಮೊದಲು ಬರೀಬೇಡ."

ವಾರಿಜ ಹೂಂ ಅಂದಳು. ವರ್ಷಗಟ್ಟಲೆ ಹಾಗೆಯೇ ಮಾಡಿದಳು ಕೂಡ.

ಇಲ್ಲಿ ಲಿಪಿಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಥೆ ನಡೆಯುವುದಿಲ್ಲ. ಜಪಾನಿಯಲ್ಲಿ ಎರಡು ಅಕ್ಷರ ಬಲು ಕಿಲಾಡಿಗಳು. ಒಂದು 'ತ್ಸು', ಇನ್ನೊಂದು 'ಶಿ'. ಎರಡಕ್ಕೂ ಒಂದು ಉದ್ದ ಗೀಟು, ಎರಡು ಪುಟ್ಟ ಗೀಟು. ನಮ್ಮ 'ಪ'ದ ಹೊಟ್ಟೆಯಲ್ಲಿ ಗೀಟೆಳೆದರೆ 'ಷ' ಆಗುತ್ತದಲ್ಲ, ಅಷ್ಟು ವ್ಯತ್ಯಾಸವೂ ಅವಕ್ಕಿಲ್ಲ.

ಮೇಷ್ಟ್ರು ಅದನ್ನು ಹೇಳಿಕೊಡುವ ರೀತಿ ಬೇರೆ. ಪುಟ್ಟ ಗೀಟುಗಳನ್ನು ಮಕ್ಕಳು ಅಂದುಕೋ ಅನ್ನುತ್ತಿದ್ದರು. ಮಕ್ಕಳು ನಿಂತಿದ್ದರೆ ತ್ಸು. ಮಲಗಿದ್ದರೆ ಶಿ.

ಪುಸ್ತಕ ಇನ್ನೇನು ಅಚ್ಚಿಗೆ ಹೋಗಬೇಕು ಅನ್ನುವಾಗ ಜಪಾನಿನಿಂದ ಯಾರೋ ಒಂದು ಫೋಟೋ ಕಳಿಸಿದರು. ಹಳೇ ಸಾಮಾನಿನ ರಾಶಿ, ಅದರಲ್ಲಿ ಬಿಸಿಲಿಗೆ ಬಣ್ಣ ಹೋದ ಒಂದು ಕ್ಯಾಸೆಟ್ಟು. ಹೆಸರು ಮಸುಕು ಮಸುಕು. ವಾರಿಜ ಕಣ್ಣು ಕಿರಿದು ಮಾಡಿ ಓದಿದಳು. 'ಶಿಕಿ ನೋ ಹಾಶಿ.' ಅಂದರೆ ಋತುಗಳ ಸೇತುವೆ.

ಅಂಥ ಆಟವನ್ನು ಅವಳು ಕೇಳಿಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಅವಳಿಗೆ ರೋಮಾಂಚನವಾಯಿತು. ಮುದ್ರಕ ಅವಸರ ಮಾಡುತ್ತಿದ್ದ. ಕ್ಯಾಸೆಟ್ಟು ತರಿಸುವಷ್ಟು ಪುರುಸೊತ್ತಿರಲಿಲ್ಲ. ಬರೆದುಬಿಟ್ಟಳು.

ಚಿತ್ರದ ಜಾಗ ಖಾಲಿ ಬಿಟ್ಟಳು. ತಯಾರಿಸಿದವರು ಅನ್ನುವ ಕಡೆ 'ತಿಳಿದುಬಂದಿಲ್ಲ' ಅಂತ ಹಾಕಿದಳು. ಬೇರೆ ಎಲ್ಲೂ ಕಾಣದ್ದರಿಂದ 'ಅತಿ ಅಪರೂಪ' ಎಂದೂ ಸೇರಿಸಿದಳು. ಮೇಷ್ಟ್ರಿಗೆ ಹೇಳಲಿಲ್ಲ.

ಪುಸ್ತಕ ಬಂತು, ಹೆಸರು ಬಂತು. ಕ್ಯಾಸೆಟ್ಟು ಕೊಳ್ಳುವವರು, ಮಾರುವವರು, ಎಲ್ಲರೂ ವಾರಿಜನ ಪುಸ್ತಕ ನೋಡದೆ ಮಾತಾಡುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಒಂದು ಪ್ರತಿ ಇಸಿದುಕೊಂಡು, ಹಳೇ ಟೀವಿಯ ಕುಂಟು ಕಾಲಿಗೆ ಅದನ್ನು ಒತ್ತಾಗಿ ಕೊಟ್ಟರು. ಟೀವಿ ಅಲ್ಲಾಡುವುದು ನಿಂತಿತು. ವಾರಿಜನಿಗೆ ಬೇಜಾರಾಯಿತು.

ಎರಡನೇ ಮುದ್ರಣದ ಮಾತು ಬಂದಾಗ ಅವಳು ಆ ಖಾಲಿ ಚಿತ್ರ ತುಂಬಿಸಲು ಹೊರಟಳು. ಹುಡುಕಿದಳು, ಕೇಳಿದಳು, ಪತ್ರ ಬರೆದಳು. ಸಿಗಲಿಲ್ಲ. ಆಗ ಆ ಮಸುಕು ಫೋಟೋ ಮತ್ತೆ ತೆಗೆದು, ಮೊದಲ ಅಕ್ಷರ ಶಿಯೋ ತ್ಸುವೋ ಅಂತ ನೋಡಿದಳು, ಗೊತ್ತಾಗಲಿಲ್ಲ. ಆ ಯಂತ್ರಕ್ಕೆ 'ತ್ಸುಕಿ ನೋ ಹಾಶಿ' ಅನ್ನುವ ಆಟ ಇದ್ದೇ ಇತ್ತು. ಚಂದ್ರನ ಸೇತುವೆ. ಸಂತೆಯಲ್ಲಿ ಸೊಪ್ಪು ಸಿಕ್ಕ ಹಾಗೆ ಸಿಗುವ ಆಟ.

ಅಷ್ಟರಲ್ಲಿ ಬೇರೆಯವರು ಬರೆದ ಹೊಸ ಪುಸ್ತಕಗಳು ಕೈಗೆ ಬಂದವು. ಒಂದರಲ್ಲಿ ಋತುಗಳ ಸೇತುವೆ ಇತ್ತು. ಇನ್ನೊಂದರಲ್ಲೂ ಇತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಮೇಷ್ಟ್ರಿಗೆ ತೋರಿಸಿದಳು. ಮಸುಕು ಫೋಟೋದ ವಿಷಯವನ್ನೂ ಆಗಲೇ ಹೇಳಿದಳು.

ಮೇಷ್ಟ್ರು ಹತ್ತಿಯಿಂದ, ಯಂತ್ರಕ್ಕೆ ಸಿಕ್ಕಿಸುವ ಕ್ಯಾಸೆಟ್ಟಿನ ಬಾಯಿ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಇವರು ಯಾರನ್ನು ಕೇಳಿ ಬರೆದರು?"

ವಾರಿಜ ಮತ್ತೆ ನೋಡಿದಳು. ಎರಡೂ ಪುಸ್ತಕದಲ್ಲಿ ಅದೇ ಸಾಲು, ಅವಳದೇ ಸಾಲು. ಅವಳ ಪುಸ್ತಕದಲ್ಲಿದ್ದ ಅಚ್ಚಿನ ತಪ್ಪು ಕೂಡ ಹಾಗೇ ಇಳಿದಿತ್ತು. ಅವಳ ಮುಖ ಸಣ್ಣದಾಯಿತು.

ನೇಮಿನಾಥಪ್ಪ ಬಂದದ್ದು ಆ ವಾರವೇ.

ನೇಮಿನಾಥಪ್ಪ ಬೆಳಗಾವಿಯವರು, ಪಾತ್ರೆ ಅಂಗಡಿ ಇಟ್ಟವರು. ಜಪಾನಿ ಓದಲು ಬಾರದು. ವಾರಿಜನ ಪುಸ್ತಕವನ್ನೇ ನಂಬಿ, ಅದರಲ್ಲಿರುವ ಆಟಗಳನ್ನೆಲ್ಲ ಕೂಡಿಸುತ್ತಾ ಬಂದಿದ್ದರು. ಮನೆಯ ಗೋಡೆಯುದ್ದಕ್ಕೂ ಕಪಾಟು ಹೊಡೆಸಿದ್ದರು. ಕಪಾಟೆಲ್ಲ ತುಂಬಿ ಒಂದೇ ಒಂದು ಗೂಡು ಖಾಲಿ ಉಳಿದಿತ್ತು. ಋತುಗಳ ಸೇತುವೆಯ ಗೂಡು.

ಅವರು ಕರವಸ್ತ್ರ ಬಿಚ್ಚಿ ಒಂದು ಕ್ಯಾಸೆಟ್ಟು ಮೇಜಿನ ಮೇಲಿಟ್ಟರು. ಯಾರೋ ದಲ್ಲಾಳಿಯ ಹತ್ತಿರ ಸಿಕ್ಕಿತಂತೆ. ಅದಕ್ಕೆ ಬದಲಾಗಿ ದಲ್ಲಾಳಿ ಅವರ ಸಂಗ್ರಹದ ಅರ್ಧ ಕೇಳಿದ್ದಾನಂತೆ. ಕೊಡುವುದಕ್ಕೆ ಡಬ್ಬಗಳಲ್ಲಿ ತುಂಬಿಯೂ ಆಗಿದೆ. ಪುಸ್ತಕ ಬರೆದ ವಾರಿಜಬಾಯಿಯವರು ನೋಡಿ ಇದು ಅಸಲಿ ಅಂತ ಒಂದು ಸಹಿ ಹಾಕಿಕೊಟ್ಟರೆ ಸಾಕು, ಸಂಜೆಗೆ ವ್ಯವಹಾರ ಮುಗಿಯುತ್ತದೆ.

ಒಂದು ಗೂಡು ತುಂಬಿಸಲು ಅರ್ಧ ಗೋಡೆ ಖಾಲಿ ಮಾಡುವುದು. ಇದು ಅವರಿಗೆ ಹೊಳೆದಿರಲಿಲ್ಲ. ಕೂಡಿಡುವವರ ಲೆಕ್ಕವೇ ಹಾಗೆ.

ವಾರಿಜ ಕ್ಯಾಸೆಟ್ಟು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೆಸರಿನ ಚೀಟಿ ಸ್ಪಷ್ಟವಾಗಿತ್ತು. ಮೊದಲ ಅಕ್ಷರದ ಪುಟ್ಟ ಗೀಟುಗಳೆರಡೂ ಮಲಗಿದ್ದವು. ಶಿ. ಶಿಕಿ ನೋ ಹಾಶಿ.

ಎಷ್ಟು ಖುಷಿಯಾಯಿತು ಅಂದರೆ ಕಣ್ಣಲ್ಲಿ ನೀರೇ ಬಂತು. ಪುಸ್ತಕ ಉಳಿಯಿತು. ತಾನೂ ಉಳಿದೆ ಅಂದುಕೊಂಡಳು. ಜೇಬಿನಿಂದ ಪೆನ್ನು ತೆಗೆದಳು.

"ಹಾಕಿ ನೋಡಿದೆಯಾ?" ಅಂದರು ಮೇಷ್ಟ್ರು.

ನೇಮಿನಾಥಪ್ಪ ಹೌಹಾರಿದರು. ಇಷ್ಟು ಅಪರೂಪದ್ದನ್ನು ಯಂತ್ರಕ್ಕೆ ಹಾಕುವುದೇ, ಬಾಯಿ ಸವೆದರೆ ಏನು ಗತಿ, ತಮ್ಮ ಗೋಡೆಯ ಮೇಲಿನ ಒಂದನ್ನೂ ತಾವು ಹಾಕಿ ನೋಡಿಲ್ಲ ಅಂದರು. ವಾರಿಜನೂ ಅವರ ಪರ ಸೇರಿದಳು. ಚೀಟಿಯೇ ಇಷ್ಟು ಚೆನ್ನಾಗಿರುವಾಗ ಹಾಕಿ ನೋಡುವುದೇನಿದೆ ಅಂತ ವಾದ ಮಾಡಿದಳು.

ಮೇಷ್ಟ್ರು ವಾದಕ್ಕೆ ಕೂರಲಿಲ್ಲ. ಎದ್ದು ಟೀವಿ ಹಚ್ಚಿದರು. ಯಂತ್ರದ ಧೂಳು ಒರೆಸಿ, ಸುಮ್ಮನೆ ಅವಳ ಕಡೆ ನೋಡಿದರು.

ನೇಮಿನಾಥಪ್ಪ ದೊಡ್ಡ ಮನಸ್ಸು ಮಾಡಿ, ಒಂದು ಸಲ ಆದರೆ ಆಗಲಿ ಅಂದರು. ವಾರಿಜ ಹಾಕಿದಳು.

ಪರದೆಯ ಮೇಲೆ ಒಂದು ಸೇತುವೆ ಬಂತು. ಪಿಪ್ಪಿಪ್ಪಿ ಅಂತ ಸಂಗೀತ ಬಂತು. ಆಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬಂತು.

ನೇಮಿನಾಥಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಇದ ಹೌದಲ್ರಿ ಬಾಯಾರ?"

ಆ ಹೆಸರನ್ನು ಓದಬಲ್ಲವರು ಆ ಕೋಣೆಯಲ್ಲಿ ಇಬ್ಬರೇ. ವಾರಿಜ ಹೌದು ಅಂದಿದ್ದರೆ ನೇಮಿನಾಥಪ್ಪ ಕುಣಿಯುತ್ತಾ ಊರಿಗೆ ಹೋಗುತ್ತಿದ್ದರು. ಅವಳು ಪರದೆ ನೋಡಿದಳು, ಕೈಲಿದ್ದ ಪೆನ್ನು ನೋಡಿದಳು.

ಮೇಷ್ಟ್ರು ಕೇಳಿದರು, "ಮಕ್ಕಳು ನಿಂತಿದ್ದಾರೋ, ಮಲಗಿದ್ದಾರೋ?"

ಸಂಗೀತ ಮೊದಲಿನಿಂದ ಮತ್ತೆ ಶುರುವಾಯಿತು.

"ನಿಂತಿದ್ದಾರೆ," ಅಂದಳು ವಾರಿಜ.

ನೇಮಿನಾಥಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಯಾವ ಮಕ್ಕಳು ಅಂತ ಬಾಗಿಲ ಕಡೆ ತಿರುಗಿ ನೋಡಿದರು. ವಾರಿಜ ಪೆನ್ನು ಜೇಬಿಗೆ ಹಾಕಿಕೊಂಡು ಅವರ ಎದುರು ನೆಲದ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಒಳಗಿರುವುದು ಚಂದ್ರನ ಸೇತುವೆ, ಮೇಲಿನ ಚೀಟಿ ಯಾರೋ ಹೊಸದಾಗಿ ಅಚ್ಚು ಹಾಕಿಸಿ ಅಂಟಿಸಿದ್ದು. ಋತುಗಳ ಸೇತುವೆ ಅನ್ನುವ ಆಟ ಜಪಾನಿನಲ್ಲಿ ಯಾರೂ ಮಾಡಿಲ್ಲ. ಮಸುಕು ಫೋಟೋದಲ್ಲಿ ತಾನೇ ತಪ್ಪು ಓದಿ ಬರೆದದ್ದು. ತನ್ನ ಪುಸ್ತಕ ನೋಡಿಯೇ ಯಾರೋ ಈ ನಕಲಿ ಮಾಡಿದ್ದಾರೆ.

ನೇಮಿನಾಥಪ್ಪ ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ. ಖಾಲಿ ಕರವಸ್ತ್ರ ಮಡಿಸುತ್ತಾ ಕೇಳಿದರು.

"ಹಂಗಾದ್ರ ನಂದು ಯಾವಾಗ ಪೂರ್ತಿ ಆಗಿತ್ರಿ?"

ವಾರಿಜ ಯೋಚಿಸಿದಳು. ಅವರು ಪ್ರತಿಯೊಂದು ಸಿಕ್ಕಾಗಲೂ ಫೋನು ಮಾಡಿ ಹೇಳುತ್ತಿದ್ದರು. ಹೋದ ಯುಗಾದಿಗೆ ಮೀನು ಹಿಡಿಯುವ ಆಟ ಸಿಕ್ಕಿತಲ್ಲ, ಅವತ್ತೇ ಪೂರ್ತಿಯಾಗಿತ್ತು ಅಂದಳು.

ನೇಮಿನಾಥಪ್ಪನ ಮುಖ ಆಗ ಕೆಂಪಾಯಿತು.

"ಅವತ್ತ ಮನ್ಯಾಗ ಹೋಳಿಗಿ ಮಾಡಿದ್ರು. ಇನ್ನೊಂದು ಉಳದೈತಿ ಅನ್ನೋ ಚಿಂತ್ಯಾಗ ನಾ ನೆಟ್ಟಗ ಉಣ್ಣಲಿಲ್ರಿ ಬಾಯಾರ."

ಅಷ್ಟು ಹೇಳುವಾಗ ಅವರ ದನಿ ಒಡೆಯಿತು. ವಾರಿಜನಿಗೆ ಎಲ್ಲ ಬೈಗುಳಕ್ಕಿಂತ ಅದು ಹೆಚ್ಚು ನಾಟಿತು. ತಲೆ ತಗ್ಗಿಸಿ ಕೂತಳು.

ಮೇಷ್ಟ್ರು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ನೇಮಿನಾಥಪ್ಪ ಚಹಾ ಕುಡಿದರು, ದಲ್ಲಾಳಿಗೆ ಫೋನು ಮಾಡಿ ವ್ಯವಹಾರ ಬೇಡ ಅಂದರು. ಟೀವಿ ಇನ್ನೂ ಹಚ್ಚಿದ್ದೇ ಇತ್ತು. ಅದರ ಕಡೆ ನೋಡುತ್ತಾ, ಇದನ್ನು ಆಡುವುದು ಹೇಗೆ ಅಂತ ಸಂಕೋಚದಿಂದ ಕೇಳಿದರು. ಮೇಷ್ಟ್ರು ಗುಂಡಿ ಒತ್ತಿ ಆಡುವ ಪುಟ್ಟ ಪೆಟ್ಟಿಗೆಗಳನ್ನು ಅವರ ಕೈಗೂ ವಾರಿಜನ ಕೈಗೂ ಕೊಟ್ಟರು. ನೇಮಿನಾಥಪ್ಪ ಆವತ್ತು ಬಸ್ಸು ತಪ್ಪಿಸಿಕೊಂಡರು, ಮುಂದಿನ ಬಸ್ಸಿಗೆ ಹೋದರು.

ಹೋಗುವಾಗ ಆ ನಕಲಿ ಕ್ಯಾಸೆಟ್ಟನ್ನು ವಾರಿಜನ ಕೈಗೇ ಇಟ್ಟರು. ಫೋಟೋ ತೆಗೆದುಕೊಂಡು ದಲ್ಲಾಳಿಗೆ ನೀವೇ ಕಳಿಸಿಬಿಡಿ, ನನಗೆ ಇದನ್ನು ನೋಡಲಾಗುವುದಿಲ್ಲ ಅಂದರು.

ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ವಾರಿಜ ಮೆಟ್ಟಿಲ ಮೇಲೆ ಕೂತು ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬದಿಗೆ ಬಂದು ಕೂತ ಮೇಷ್ಟ್ರಿಗೆ ಹೇಳಿದಳು.

"ಎರಡನೇ ಮುದ್ರಣದಲ್ಲಿ ಈ ಆಟವನ್ನು ಸದ್ದಿಲ್ಲದೆ ತೆಗೆದುಬಿಡುತ್ತೇನೆ ಮೇಷ್ಟ್ರೇ."

"ಯಾಕೆ ತೆಗೀತೀಯ? ಕೈಯಲ್ಲಿ ಹಿಡಿದೆಯಲ್ಲ."

"ಹಿಡಿದೆ. ಆದರೆ ಇದು..."

"ಯಂತ್ರಕ್ಕೆ ಹಾಕಿದೆ. ಆಡಿದೆ."

"ಆಡಿದೆ."

"ಮತ್ತೆ? ಇರಲಿ ಬಿಡು, ಪುಸ್ತಕದಲ್ಲಿ."

"ಇದ್ದರೆ ಏನಂತ ಬರೀಲಿ?"

ಮೇಷ್ಟ್ರು ಅವಳ ಕೈಯಿಂದ ಕ್ಯಾಸೆಟ್ಟು ತಗೊಂಡು, ಬಾಯಿ ಒರೆಸಿ, ವಾಪಸು ಕೊಟ್ಟರು.

"ತಯಾರಿಸಿದವರು ಅನ್ನೋ ಕಡೆ 'ತಿಳಿದುಬಂದಿಲ್ಲ' ಅಂತ ಹಾಕಿದ್ದೆಯಲ್ಲ. ಈಗ ತಿಳಿದುಬಂತು. ನಿನ್ನ ಹೆಸರು ಹಾಕು."